ಇಪ್ಪತ್ತೆರಡು ಕಂಪ್ಯೂಟರುಗಳ ವರದಿ

ಹಳಿಯಾಳ
೧೬ ಫೆಬ್ರವರಿ ೨೦೨೫, ರವಿವಾರ

ಪ್ರೀತಿಯ ವಿಲ್ಸನ್ ಅಣ್ಣಾ,

ಭುಜದ ನೋವು ಹೇಗಿದೆ? ಋಷಿಕೇಶದ ನೀರು ನಮ್ಮ ಗಣೇಶಗುಡಿಯ ಕಾಳಿ ನದಿಗಿಂತ ಬಹಳ ತಣ್ಣಗಂತೆ. ಪ್ರವಾಸಿಗರ ರಾಫ್ಟ್ ದಡಕ್ಕೆ ತಂದ ಕೂಡಲೇ ಒದ್ದೆ ಬಟ್ಟೆ ಬದಲಿಸು. ನಿಮ್ಮ ಕ್ಯಾಂಪಿಗೆ ಫೋನ್ ಹತ್ತುವುದೇ ಇಲ್ಲ, ಹತ್ತಿದರೂ ಅರ್ಧ ಮಾತಿಗೇ ಕಡಿಯುತ್ತದೆ. ಅದಕ್ಕೇ ಈ ಕಾಗದ. ಆಯಿ ಆರಾಮಾಗಿದ್ದಾಳೆ. ಚರ್ಚಿನಿಂದ ಬಂದವಳೇ ನಿನಗೆಂದು ಒಣಮೀನಿನ ಚಟ್ನಿ ಕುಟ್ಟುತ್ತಿದ್ದಾಳೆ. ಅದನ್ನು ಅಲ್ಲಿಗೆ ಹೇಗೆ ಕಳಿಸುವುದೋ ನನಗಂತೂ ತಿಳಿಯದು.

ನನ್ನ ಕೆಲಸದ ವಿಷಯ ಬೇರೆಯವರಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳುತ್ತೇನೆ, ಗಾಬರಿಯಾಗಬೇಡ. ಹೋದ ವಾರ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಕಾಲೇಜಿನ ಕಂಪ್ಯೂಟರುಗಳಲ್ಲಿ ಯಾವ ಸಾಫ್ಟ್‌ವೇರ್ ಇದೆ, ಅದಕ್ಕೆ ಲೈಸೆನ್ಸ್ ಇದೆಯೋ ಇಲ್ಲವೋ ಎಂದು ಲ್ಯಾಬ್ ನೋಡಿಕೊಳ್ಳುವವರು, ಅಂದರೆ ನಾನು, ಬರೆದು ಸಹಿ ಮಾಡಬೇಕು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಎಲ್ಲಾ ಸರಿ ಐತಿ ಅಂತ ಬರದು ಕೊಟ್ಟುಬಿಡ್ರಿ ರೀಟಾ, ಯಾರು ಬಂದು ನೋಡ್ತಾರ?" ಎಂದರು. ನಾನು, "ಯಾರೂ ನೋಡದಿದ್ರೂ ನಾ ನೋಡೇನಲ್ರಿ ಸರ್" ಎಂದೆ. ನನಗೇ ಆಶ್ಚರ್ಯವಾಯಿತು, ಅಷ್ಟು ಧೈರ್ಯ ಎಲ್ಲಿಂದ ಬಂತೋ.

ವಿಷಯ ಏನೆಂದರೆ, ಸಂಶೋಧನೆಯ ಅಂಕಿಅಂಶ ಲೆಕ್ಕ ಹಾಕುವ ಒಂದು ಸಾಫ್ಟ್‌ವೇರನ್ನು ಕಾಲೇಜು ಒಂದೇ ಒಂದು ಕಂಪ್ಯೂಟರಿಗೆಂದು ತಂದಿತ್ತು. ನಾಲ್ಕು ವರ್ಷದ ಹಿಂದೆ ಅದನ್ನು ಬೀಗ ಮುರಿದ ಹಾಗೆ ಮಾಡಿ ಉಳಿದ ಇಪ್ಪತ್ತೆರಡಕ್ಕೂ ಹಾಕಿದವಳು ನಾನೇ. ಹಾಕು ಎಂದವರು ನಮ್ಮ ವಿಭಾಗದ ಮುಖ್ಯಸ್ಥ ವೀರೇಶ ಸರ್. ಪಿಯುಸಿ ಮುಗಿದಾಗ ಕಂಪ್ಯೂಟರ್ ಕೋರ್ಸಿನ ಅರ್ಜಿ ಕೊಡಲಿಲ್ಲ ಇದೇ ಕಾಲೇಜಿನ ಆ ಗುಮಾಸ್ತ, ನೆನಪಿದೆಯಾ? ಸಿದ್ದಿಯರ ಹುಡುಗಿಗೆ ಇದೆಲ್ಲ ಯಾಕೆ ಎಂದು ನಕ್ಕಿದ್ದ. ಆಗ ಅವನ ಮೇಜಿನಿಂದ ಅರ್ಜಿ ಎತ್ತಿ ನನ್ನ ಕೈಗಿಟ್ಟವರು ಇದೇ ಸರ್. ಬರುವ ತಿಂಗಳು ಅವರ ನಿವೃತ್ತಿ. ಅವರ ಹೆಸರು ಬರೆಯಲು ನನ್ನ ಕೈ ಬರಲಿಲ್ಲ. "ಅನುಮತಿಯಿಲ್ಲದೆ ಹಾಕಿದವಳು ನಾನು, ರೀಟಾ ಮಿಂಗೇಲ್ ಸಿದ್ದಿ" ಎಂದಷ್ಟೇ ಬರೆದೆ. ಮೂರು ದಿನ ಕೂತು ಇಪ್ಪತ್ತೆರಡರಿಂದಲೂ ಅದನ್ನು ತೆಗೆದುಹಾಕಿ, ಅದೇ ಕೆಲಸ ಮಾಡುವ, ಯಾರು ಬೇಕಾದರೂ ಬಳಸಬಹುದಾದ ಉಚಿತ ಸಾಫ್ಟ್‌ವೇರ್ ಹಾಕಿದೆ. ಉಪನ್ಯಾಸಕರು ಮೊದಲು ಗೊಣಗಿದರು. ನಿನ್ನೆ ಅವರಿಗೆಲ್ಲ ನಾನೇ ಪಾಠ ಮಾಡಿದೆ ಅಣ್ಣಾ, ಬೋರ್ಡಿನ ಮುಂದೆ ನಿಂತು! ಸಂಜೆ ವರದಿ ಕೊಟ್ಟಾಗ ಪ್ರಿನ್ಸಿಪಾಲರು ಎರಡು ಸಲ ಓದಿ, "ನಿಮ್ದು ವರ್ಷದ ಕರಾರಿನ ಕೆಲಸ, ಗೊತ್ತೈತಲ್ಲ?" ಎಂದರು. ಗೊತ್ತಿದೆ ಎಂದೆ. ಕೆಲಸ ಹೋದರೂ ಕಲಿತದ್ದು ಎಲ್ಲೂ ಹೋಗುವುದಿಲ್ಲ. ದಾಂಡೇಲಿಯಲ್ಲೋ ಮುಂಡಗೋಡದಲ್ಲೋ ನನಗೊಂದು ಕುರ್ಚಿ ಸಿಕ್ಕೇ ಸಿಗುತ್ತದೆ.

ಆಯಿ ನಿನ್ನ ತಲೆಯ ಮೇಲೆ ಕೈಯಿಟ್ಟಳೆಂದೇ ತಿಳಿ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ತಂಗಿ,
ರೀಟಾ

ತಾ.ಕ.: ಸೋಮವಾರ ಮಧ್ಯಾಹ್ನ, ಅಂಚೆ ಕಚೇರಿಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಬೆಳಿಗ್ಗೆ ವೀರೇಶ ಸರ್ ಪ್ರಿನ್ಸಿಪಾಲರ ಕೋಣೆಯಿಂದ ನನ್ನ ವರದಿ ಹಿಡಿದು ಲ್ಯಾಬಿಗೆ ಬಂದರು. ಬೈಯುತ್ತಾರೆಂದು ಎದ್ದು ನಿಂತೆ. "ನಿನ್ನ ಹೆಸರಷ್ಟ ಬರದ್ರ ಇದು ಅರ್ಧಾ ಸುಳ್ಳಾಗ್ತೈತಿ, ರೀಟಾ. ಪೆನ್ ಕೊಡು" ಎಂದರು. ನನ್ನ ಹೆಸರಿನ ಕೆಳಗೆ "ಹಾಕಲು ಹೇಳಿದವನು ನಾನು" ಎಂದು ಬರೆದು ಸಹಿ ಮಾಡಿದರು. ಆಮೇಲೆ ಸರ್ ಹೋಗಿ ಮಾತಾಡಿದ ಮೇಲೆ ಪ್ರಿನ್ಸಿಪಾಲರು ವಿಶ್ವವಿದ್ಯಾಲಯಕ್ಕೆ ಅದನ್ನೇ ಕಳಿಸಿದರು, ನನ್ನನ್ನು ಮುಂದುವರಿಸಬೇಕೆಂಬ ಶಿಫಾರಸನ್ನೂ ಸೇರಿಸಿ. ಸಹಿ ಮಾಡಿದ ಕೂಡಲೇ ಸರ್ ಪೆನ್ ತಿರುಗಿ ನನ್ನ ಕೈಗಿಟ್ಟರು ಅಣ್ಣಾ. ಈ ಸಾಲುಗಳನ್ನು ಅದೇ ಪೆನ್ನಿನಿಂದ ಬರೆಯುತ್ತಿದ್ದೇನೆ.