ಎಕ್ಸ್‌ಪಂಜ್ ಅಂದ್ರೆ ಏನಮ್ಮ?

ಮಾರ್ಚ್ ೯, ಸೋಮವಾರ

ಅಮ್ಮನವರಿಗೆ, ವಿಚಾರಣೆಯ ದಿನ ನಿಮಗೆ ಕುಡಿಯಲು ನೀರು ತಂದುಕೊಟ್ಟ ಸ್ಟೆನೋ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಕೈಸೇರಿತು. ಬಾಯ್ಲರ್ ಸಿಡಿದು ತೀರಿಕೊಂಡ ಮಗಳ ಬಗ್ಗೆ ಅಂದು ಹೇಳಿದ ಮಾತುಗಳ ನಕಲು ಪಡೆಯಲು ಶುಕ್ರವಾರ ಬರುತ್ತೇನೆ, ಅದಕ್ಕೆ ಕಟ್ಟು ಹಾಕಿಸಿ ಅವಳ ಫೋಟೋ ಪಕ್ಕ ತೂಗುಹಾಕುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ಬರಬೇಡಿ. ಕಿಟಕಿಯಲ್ಲಿ ಕೂರುವ ಗುಮಾಸ್ತರು ತಲೆ ಎತ್ತದೆ ಹೇಳಿಬಿಡುವುದನ್ನು ನಾನೇ ಮೊದಲು ಹೇಳಬೇಕು.

ನೀವು ಸಾಕ್ಷಿ ಹೇಳುತ್ತಿದ್ದಾಗ ಕಾರ್ಖಾನೆ ಮಾಲೀಕರ ವಕೀಲರು ಎದ್ದು ತಕರಾರು ತೆಗೆದರು. ವಿಚಾರಣೆ ನಡೆಸುತ್ತಿದ್ದ ಸಾಹೇಬರು ನನ್ನತ್ತ ತಿರುಗಿ ಒಂದು ಪದ ಹೇಳಿದರು. ಆಮೇಲೆ ಹೊರಗಿನ ಬೆಂಚಿನಲ್ಲಿ ನೀವು ನನ್ನ ಕೈ ಹಿಡಿದು, “ಎಕ್ಸ್‌ಪಂಜ್ ಅಂದ್ರಲ್ಲ, ಹಾಗಂದ್ರೆ ಏನಮ್ಮ?” ಎಂದಿರಿ.

“ಭದ್ರವಾಗಿ ಬರೆದಿಟ್ಕೊಳ್ಳಿ ಅಂತ,” ಎಂದುಬಿಟ್ಟೆ.

“ಸದ್ಯ, ನನ್ ಮಗಳ ಮಾತು ಉಳೀತಲ್ಲ,” ಎಂದು ಕಣ್ಣೊರೆಸಿಕೊಂಡಿರಿ. ಆ ಮುಖ ನೋಡಿದ ಮೇಲೆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ.

ಅಮ್ಮ, ಆ ಪದದ ಅರ್ಥ ತದ್ವಿರುದ್ಧ. ಕಡತದಿಂದ ಅಳಿಸಿ, ಆಡಿಯೇ ಇಲ್ಲ ಎಂಬಂತೆ ಮಾಡಿ ಎಂದು. ಗೋಡೆಯ ಗೀಚು ಅಳಿಸಲು, ಪಾತ್ರೆಯ ಕಲೆ ತೆಗೆಯಲು ಯಾರೂ ಇದನ್ನು ಬಳಸುವುದಿಲ್ಲ. ಕೋರ್ಟು, ಸಭೆ, ವಿಚಾರಣೆ, ಹೀಗೆ ದಾಖಲೆ ಇರುವ ಕಡೆ, ಅಧಿಕಾರ ಇದ್ದವರ ಬಾಯಲ್ಲಿ ಮಾತ್ರ ಬರುವ ಪದ. ಹದಿನಾರು ವರ್ಷದಿಂದ ಕೇಳುತ್ತಿದ್ದರೂ ಅದರ ಮೂಲ ಹುಡುಕಿರಲಿಲ್ಲ. ನಿಮ್ಮ ಕಾಗದ ಬಂದ ದಿನ ದೊಡ್ಡ ನಿಘಂಟು ತೆಗೆದೆ. ಲ್ಯಾಟಿನ್ ಭಾಷೆಯಲ್ಲಿ ಅದು ಚುಚ್ಚುವ ಮಾತಂತೆ. ಪಟ್ಟಿಯಿಂದ ತೆಗೆಯಬೇಕಾದ ಹೆಸರಿಗೆ ಮೊನೆಯಿಂದ ಚುಕ್ಕಿ ಚುಚ್ಚಿ ಗುರುತು ಮಾಡುತ್ತಿದ್ದರಂತೆ. ಚುಚ್ಚಿದ್ದು ಯಾರಿಗೆ ನೋಯುತ್ತಿತ್ತು ಎಂದು ನಿಘಂಟು ಬರೆದಿಲ್ಲ.

ನಾನು ಅಳಿಸಿದ್ದು ಅವಘಡದ ಹಿಂದಿನ ಸಂಜೆ ಊಟಕ್ಕೆ ಕೂತಾಗ ನಿಮ್ಮ ಮಗಳು ಹೇಳಿದ ಮಾತನ್ನು: “ಅಮ್ಮ, ಬಾಯ್ಲರ್ ಎರಡು ದಿನದಿಂದ ಸೀಟಿ ಹೊಡೀತಿದೆ. ಮೇಸ್ತ್ರಿಗೆ ಹೇಳಿದ್ರೆ, ನಿನ್ನ ಕೆಲಸ ನೋಡ್ಕೋ ಅಂದ.” ಅದು ನೀವು ಕಂಡದ್ದಲ್ಲ, ಸತ್ತವಳಿಂದ ಕೇಳಿದ್ದು ಎಂಬುದು ವಕೀಲರ ವಾದ. ಆ ಮಾತು ಹೋದ ಮೇಲೆ ವರದಿಯಲ್ಲಿ ಉಳಿದದ್ದು ಒಂದೇ ಸಾಲು: ಅವಘಡಕ್ಕೆ ಮುನ್ಸೂಚನೆ ಇರಲಿಲ್ಲ. ಆ ಸಾಲನ್ನು ಟೈಪು ಮಾಡಿದ್ದೂ ನಾನೇ.

ಮಗಳ ಮಾತು ಸರ್ಕಾರದ ಪುಸ್ತಕ ಸೇರಿತು ಎಂದು ಬೀದಿಗೆಲ್ಲ ಹೇಳಿದ್ದೀರಿ. ನನ್ನಿಂದಾಗಿ ನೀವೂ ಸುಳ್ಳು ಹೇಳಿದಂತಾಯಿತು. ನೀವು ಅಂದು ಹೇಳಿದ್ದನ್ನು ನೆನಪಿನಿಂದ ಒಂದು ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಅದಕ್ಕೆ ಮೊಹರಿಲ್ಲ, ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ತೂಗುಹಾಕುವುದೋ ಹರಿದುಹಾಕುವುದೋ ನಿಮಗೆ ಬಿಟ್ಟದ್ದು.

ಕ್ಷಮೆ ಕೇಳಲು ಮುಖವಿಲ್ಲದ,
ನಿಮ್ಮ ಸ್ಟೆನೋ

ತಾ.ಕ.: ಸಾಹೇಬರ ಆದೇಶವಾದ ಮೇಲೂ ನೀವು ಒಂದು ಮಾತು ಆಡಿದಿರಿ. ಅವಘಡದ ಬೆಳಿಗ್ಗೆ ಕೆಲಸಕ್ಕೆ ಹೋಗಲ್ಲ ಎಂದ ಮಗಳನ್ನು ಬೈದು ಕಳಿಸಿದ್ದು ನೀವೇ ಎಂದು. ಅದನ್ನು ಅಳಿಸಲು ಯಾರೂ ಹೇಳಿರಲಿಲ್ಲ. ನಿಯಮದ ಪ್ರಕಾರ ಕಡತದಲ್ಲಿ ಉಳಿಯಬೇಕಿದ್ದ ನಿಮ್ಮ ಮಾತು ಅದೊಂದೇ. ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ, ಆದರೂ ಕಡತಕ್ಕೆ ಸೇರಿಸದೆ ನಾನಾಗಿಯೇ ಬಿಟ್ಟೆ. ಜೊತೆಗಿಟ್ಟ ಹಾಳೆಯಲ್ಲೂ ಅದಿಲ್ಲ. ಹುಡುಕಬೇಡಿ.