ನಾಲ್ಕು ಬೆರಳು ಕಡಿಮೆ

ಕ್ರೇನ್ ಕಣಿವೆ, ಕೆಂಟಕಿ
ಅಕ್ಟೋಬರ್ 9, 1951

ಹೋಬರ್ಟ್‌ಗೆ,

ನೀನು ಕ್ಷೇಮ ಎಂದು ಬರೆದಿದ್ದೀಯ, ನಾನೂ ಹಾಗೇ ಬರೆಯಬೇಕು. ಬದುಕಿದ್ದೇನೆ. ಮೊಣಕಾಲು ನೋಯುತ್ತದೆ, ಹಸು ಒದೆಯುತ್ತದೆ, ದಾರಕ್ಕೆ ಪೋಣಿಸಿದ ಬೀನ್ಸ್ ಇನ್ನೂ ಒಣಗಿಲ್ಲ. ಗಂಡ ಬಿಟ್ಟುಹೋಗಿ ಆರು ವರ್ಷದ ಮೇಲೆ ಒಂದು ಕಾಗದ ಬರುತ್ತದೆ, ಅದರಲ್ಲಿ ಒಂದೇ ಪ್ರಶ್ನೆ: ಮನೆಗೆ ಬರಲೇ? ಐದು ದಿನ ಉತ್ತರ ಬರೆಯಲಾಗಲಿಲ್ಲ. ಸುಸ್ತು ಎಂದುಕೊಂಡೆ. ಸುಸ್ತೂ ಹೌದು.

ನಿನ್ನೆ ನಿನ್ನ ಪೀಪಾಯಿ ತೆರೆದೆ. ನೀನು ಹೊರಡುವ ಬೆಳಿಗ್ಗೆ ಹೊಸ ವಿಸ್ಕಿಯನ್ನು ಕಂಠಮಟ್ಟ ತುಂಬಿಸಿ ನನ್ನ ಮುಂದೆ ಇಟ್ಟಿದ್ದೆಯಲ್ಲ, ಅದೇ. “ನೀನೇ ಮೇಣ ಹಚ್ಚು, ನೀನೇ ಬೀಗ ಹಾಕು. ಇದನ್ನೂ ನಾನೇ ಕುಡಿದೆ ಅನ್ಬೇಡ” ಎಂದಿದ್ದೆ. ಹಾಗೇ ಮಾಡಿದೆ. ಆಲೂಗಡ್ಡೆಯ ನೆಲಮಾಳಿಗೆಯಲ್ಲಿಟ್ಟು ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡೆ. ಸ್ನಾನಕ್ಕೂ ತೆಗೆಯಲಿಲ್ಲ.

ರುಚಿ ಹೇಗಿದೆ ಎಂದು ನೀನು ಕೇಳಿಲ್ಲ. ನಿನಗೆಲ್ಲಿಯ ತಾಳ್ಮೆ! ಭಟ್ಟಿಯ ಕೊಳವೆಗೇ ಬಟ್ಟಲು ಹಿಡಿದು, ಬಿಸಿ ಆರುವ ಮೊದಲೇ ಗಂಟಲಿಗಿಳಿಸಿ, ಕಣ್ಣಲ್ಲಿ ನೀರು ಬಂದರೆ ಭೇಷಾಗಿದೆ ಎನ್ನುತ್ತಿದ್ದವನು ನೀನು. ಅಪ್ಪ ಜಾಡಿಗಳ ಬಾಯಿಗೆ ಬಟ್ಟೆ ಕಟ್ಟಿ ಮೂರು ದಿನ ಹಾಗೇ ಬಿಡುತ್ತಿದ್ದ. “ಸ್ವಲ್ಪ ಉಸಿರಾಡೋಕೆ ಬಿಡಪ್ಪ ಅಳಿಯ, ಈಗ್ತಾನೆ ಬೆಂಕಿಯಿಂದ ಎದ್ದು ಬಂದಿದೆ.” ಅದಕ್ಕೆ ನೀನು, “ಅಷ್ಟೊತ್ತಿಗೆ ನಾನೇ ಉಸಿರು ನಿಲ್ಲಿಸಿರ್ತೀನಿ ಮಾವ!”

ಈಗ ಅದು ಗಂಟಲು ಸುಡುವುದಿಲ್ಲ, ಹೋಬರ್ಟ್. ಬಣ್ಣ ಜೇನಿನದು. ಮೊದಲು ಸುಟ್ಟ ಸಕ್ಕರೆಯ ವಾಸನೆ, ಆಮೇಲೆ ಓಕ್ ಮರದ ಒಗರು, ಎಲ್ಲಕ್ಕಿಂತ ಕೊನೆಗೆ ನಮ್ಮ ಹೊಲದ ಮುಸುಕಿನ ಜೋಳ. ಒಂದು ಗುಟುಕು ಕುಡಿದು ಮೆಟ್ಟಿಲ ಮೇಲೆ ಕುಳಿತವಳು ಬಹಳ ಹೊತ್ತು ಏಳಲಿಲ್ಲ. ನಿನ್ನ ಕೈಯ ವಿಸ್ಕಿ ಇಷ್ಟು ಮೆತ್ತಗಾಗಬಹುದು ಎಂದು ಅಪ್ಪನೂ ನಂಬುತ್ತಿರಲಿಲ್ಲ.

ಎದ್ದ ಮೇಲೆ ಪೀಪಾಯಿಗೆ ಕೋಲು ಇಳಿಸಿ ನೋಡಿದೆ. ನಾಲ್ಕು ಬೆರಳು ಕಡಿಮೆ.

ಅಪ್ಪ ಪೀಪಾಯಿ ಕೆಲಸದವನಿಂದ ಒಳಮೈ ಸುಟ್ಟ ಎರಡು ಪೀಪಾಯಿ ಮಾಡಿಸಿದ್ದ. ಒಂದು ಆಮೇಲೆ ನಿನ್ನದಾಯಿತು. ಇನ್ನೊಂದನ್ನು ತುಂಬಿ ಏಳು ವರ್ಷ ತನ್ನ ಮಣ್ಣಿನ ದಿನಕ್ಕೆಂದೇ ಇಟ್ಟಿದ್ದ. “ನನ್ನನ್ನ ಮಣ್ಣಿಗಿಟ್ಟು ಬಂದವ್ರು ಕುಡ್ದು ಕೆಮ್ಮಬಾರ್ದು” ಎಂಬ ಆಸೆ ಅವನದು. ಆ ದಿನ ಎಲ್ಝೀ ಚಿಕ್ಕಪ್ಪ ಅದಕ್ಕೆ ಕೋಲು ಇಳಿಸಿ, “ನಾಲ್ಕು ಬೆರಳು ಕಡ್ಮೆ ಇದ್ಯಲ್ಲೇ ಓರ್ಲೀನಾ! ನಿನ್ನ ಗಂಡನಿಗೆ ಬಾಯಾರಿಕೆ ಆಗಿತ್ತೇನೋ” ಎಂದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. “ಸತ್ತವರ ಪಾಲಿಗೂ ಕೈ ಹಾಕಿದ್ಯಲ್ಲೋ ಕಳ್ಳ” ಎಂದೆ, ಇಡೀ ಕಣಿವೆಯ ಎದುರಿಗೆ. ನೀನು “ಮುಟ್ಟಿಲ್ಲ” ಎಂದು ಒಂದೇ ಸಲ ಹೇಳಿದೆ. ವಾರದೊಳಗೆ ಹೊರಟುಹೋದೆ.

ನಮ್ಮದೆಲ್ಲ ಗಾಜಿನ ಜಾಡಿಯ ಬದುಕು. ಬಿಗಿಯಾಗಿ ಮುಚ್ಚಿದ ಜಾಡಿಯಲ್ಲಿ ಹನಿಯೂ ಇಳಿಯುವುದಿಲ್ಲ. ಇಳಿದರೆ ಯಾರೋ ಕುಡಿದಿರಬೇಕು. ಮರದ ಲೆಕ್ಕ ಬೇರೆ ಎಂದು ಯಾರಿಗೆ ಗೊತ್ತಿತ್ತು? ನಿನ್ನ ಪೀಪಾಯಿ ಎಲ್ಲೂ ಸೋರಿಲ್ಲ, ನನ್ನ ಬಿಟ್ಟು ಯಾರೂ ಬೀಗ ತೆಗೆದಿಲ್ಲ. ಆರು ವರ್ಷ ಆ ಬಾಗಿಲು ತೆಗೆದಾಗಲೆಲ್ಲ ಆಲೂಗಡ್ಡೆಯ ಜೊತೆ ಒಂದು ಸಿಹಿ ವಾಸನೆ ಬರುತ್ತಿತ್ತು. ಅದು ನಿನ್ನ ವಿಸ್ಕಿಯೇ. ಮರ ತಾನೂ ಕುಡಿದು ಗಾಳಿಗೂ ಕುಡಿಸುತ್ತಿತ್ತು. ಅಪ್ಪನದೂ ಹಾಗೇ ಹೋಗಿರಬೇಕು.

ನನಗೆ ಗೊತ್ತಿರಲಿಲ್ಲ, ಹೋಬರ್ಟ್. ತಪ್ಪಾಯಿತು. ಬೆಳಿಗ್ಗೆ ಹೋಗಿ ಎಲ್ಝೀ ಚಿಕ್ಕಪ್ಪನಿಗೂ ಹೇಳಿದೆ. ಅವನು ಕಿವಿ ತುರಿಸಿಕೊಂಡು, “ಹಾಗಾದ್ರೆ ಆ ಓಕ್ ಮರವನ್ನೇ ಊರು ಬಿಡಿಸ್ಬೇಕಿತ್ತು” ಎಂದ. ನಾನು ಹೊರಟಾಗ, “ಬರೋಕೆ ಹೇಳೇ ಅವ್ನಿಗೆ” ಎಂದ.

ಬರುವುದಾದರೆ ಬಾ. ಜಗಳಕ್ಕೆ ಶಕ್ತಿ ಉಳಿದಿಲ್ಲ. ಜೋಳದ ರೊಟ್ಟಿ, ಬೀನ್ಸ್ ಸಾರು ಇದೆ.

ಇನ್ನೂ ನಿನ್ನ ಹೆಸರನ್ನೇ ಇಟ್ಟುಕೊಂಡಿರುವ,
ಓರ್ಲೀನಾ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಡಿಸಿದ್ದೇನೆ. ಗೊತ್ತಿರಲಿಲ್ಲ ಎಂದು ಬರೆದದ್ದು ಅರ್ಧ ಸುಳ್ಳು. ಅಪ್ಪನ ಪೀಪಾಯಿಯ ಬಿರಡೆಗೂ ಮೇಣ ಹಚ್ಚಿ ಹೆಬ್ಬೆರಳು ಒತ್ತಿದವಳು ನಾನೇ. ಮಣ್ಣಿನ ದಿನ ಚಿಕ್ಕಪ್ಪ ಕೋಲು ಇಳಿಸುವ ಮೊದಲು ಆ ಮೇಣ ಒಡೆದವಳೂ ನಾನೇ. ನನ್ನ ಬೆರಳಿನ ಗುರುತು ಒತ್ತಿದ ಹಾಗೇ ಇತ್ತು. ವಿಸ್ಕಿ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ನೀನು ಮುಟ್ಟಿಲ್ಲವೆಂದು ಮಾತ್ರ ಆಗಲೇ ತಿಳಿದಿತ್ತು. ಅಪ್ಪ ಕಣ್ಣು ಮುಚ್ಚುವಾಗ ನೀನು ಭಟ್ಟಿಯ ಬೆಂಕಿ ಬಿಟ್ಟು ಗುಡ್ಡ ಇಳಿಯಲಿಲ್ಲ. ಆ ಸಿಟ್ಟಿಗೆ ನಿನ್ನನ್ನು ಕಳ್ಳ ಎಂದೆ, ಆಮೇಲೆ ಆರು ವರ್ಷ ಬಾಯಿ ಬಿಡಲಿಲ್ಲ. ಇದನ್ನು ಓದಿದ ಮೇಲೂ ಮನಸ್ಸಿದ್ದರೆ ಬಾ. ನೆಲಮಾಳಿಗೆಯ ಬೀಗದ ಕೈ ಈ ಲಕೋಟೆಯಲ್ಲೇ ಇದೆ.