ಓದಿ, ಅರ್ಥಮಾಡಿಕೊಂಡು

ಜುಲೈ 7, 2003. ಸೋಮವಾರ.

ಇವತ್ತೂ ಎಂಟು ಪ್ರಶ್ನೆಗೆ ಎರಡೇ ಸರಿ.

ಬೆಳಿಗ್ಗೆ ಆರಕ್ಕೆ ನಾರಾಯಣಗೂಡದ ಕೋಚಿಂಗ್ ಕ್ಲಾಸು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಬೆಂಚಿನ ತುಂಬ ಅಮೆರಿಕದಲ್ಲಿ ಓದಲೆಂದು ಜಿಆರ್‌ಇ ಬರೆಯುವ ಹುಡುಗ ಹುಡುಗಿಯರು. ನಡುವೆ ನಾನೊಬ್ಬ ಐವತ್ತೊಂದರ ಮುದುಕ, ಫ್ಯಾಕ್ಟರಿ ಬೂಟು ಹಾಕಿಕೊಂಡು. ಮೊದಲ ದಿನ ಯಾರದೋ ಅಪ್ಪ ಅಂದುಕೊಂಡು ಕುರ್ಚಿ ಕೊಟ್ಟು ಹೊರಗೆ ಕೂರಿಸಿದ್ದರು.

ಇವತ್ತಿನ ಪ್ಯಾಸೇಜು ಲೇತ್ ಮಷೀನಿನ ಬಗ್ಗೆ. ಖುಷಿಯಾಯಿತು, ಇದಾದರೂ ನಮ್ಮ ಮನೆಯ ವಿಷಯ ಎಂದು. ಓದಿದರೆ — ಲೇತ್‌ನಲ್ಲಿ ಟೂಲ್ ತಿರುಗುತ್ತದೆ, ಕಡೆಯುವ ಲೋಹದ ತುಂಡು, ಅಂದರೆ ಜಾಬ್, ನಿಂತಿರುತ್ತದೆ ಅಂತೆ. ಬರೆದ ಪುಣ್ಯಾತ್ಮ ಲೇತನ್ನು ದೂರದಿಂದಲೂ ನೋಡಿಲ್ಲ. ಜಾಬ್ ತಿರುಗುತ್ತದೆ ಎಂದೇ ಟಿಕ್ ಹಾಕಿದೆ. ಶೈಲಾ ಮೇಡಂ ತಪ್ಪು ಎಂದರು.

“ಪ್ಯಾಸೇಜ್‌ನಾಗ ಏನದ ಅಷ್ಟೇ ಉತ್ತರ, ಕಾಕಾ. ನಿಮಗ ಗೊತ್ತಿದ್ದದ್ದು ಬಾಗಲ ಹೊರಗ ಬಿಟ್ಟು ಬರ್ರಿ.”

“ಪ್ಯಾಸೇಜೇ ಸುಳ್ಳಿದ್ರ?”

“ಸುಳ್ಳಿದ್ರೂ ಅದರ ಪ್ರಕಾರನೇ.”

ಮೇಡಂ ಬೀದರ್ ಕಡೆಯ ಹುಡುಗಿ. ಅಪ್ಪ ಬೇಗಂ ಬಜಾರಿನ ಮೆಣಸಿನಕಾಯಿ ಅಂಗಡಿಯಲ್ಲಿ ಗುಮಾಸ್ತ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ತೆಲುಗಿನಲ್ಲಿ, ಕನ್ನಡ ನನಗೊಬ್ಬನಿಗೆ.

ಎಂಥಾ ಪರೀಕ್ಷೆ ಇದು. ಮೂವತ್ತು ವರ್ಷ ಫ್ಯಾಕ್ಟರಿಯಲ್ಲಿ ಮಾಲು ಅಳೆಯುವ ಇನ್‌ಸ್ಪೆಕ್ಟರ್ ನಾನು. ಅಳತೆ ತಪ್ಪಿದ್ದಕ್ಕೆ ಕೆಂಪು ಬಣ್ಣ ಬಳಿದು ವಾಪಸ್ ಕಳಿಸಿದವನು. ಇಲ್ಲಿ ಸುಳ್ಳಿಗೇ ಮಾರ್ಕ್ಸು. ಆದರೂ ಹೋಗುವುದೇ. ಅಸಿಸ್ಟೆಂಟ್ ಫೋರ್‌ಮನ್ ಪರೀಕ್ಷೆ ಸೆಪ್ಟೆಂಬರ್‌ನಲ್ಲಿ. ಎರಡು ಸಲ ಇದೇ ಇಂಗ್ಲಿಷ್ ಕಾಂಪ್ರಹೆನ್ಶನ್ ಪೇಪರಿನಲ್ಲಿ ಮಣ್ಣು ಮುಕ್ಕಿದೆ. ಐವತ್ತೆರಡು ತುಂಬಿದರೆ ಬರೆಯಲು ಬಿಡುವುದಿಲ್ಲ. ಇದೇ ಕೊನೆ. ನೋಡೇಬಿಡೋಣ.

ಜುಲೈ 20. ಭಾನುವಾರ.

ಎಂಟಕ್ಕೆ ಐದು.

ಮೇಡಂ ಓದುವುದನ್ನೇ ಹೊಸದಾಗಿ ಕಲಿಸುತ್ತಿದ್ದಾರೆ. ಹೇಳುತ್ತಿರುವವರು ಯಾರು? ಕಣ್ಣಾರೆ ಕಂಡದ್ದೋ, ಊಹೆಯೋ? ಏನನ್ನು ಹೇಳದೆ ಬಿಟ್ಟಿದ್ದಾರೆ? — ಪ್ರತಿ ಪ್ಯಾರಾಕ್ಕೂ ಇದೇ ಪ್ರಶ್ನೆ. ಈಗ ಔಷಧಿ ಚೀಟಿ ಬಿಟ್ಟಿಲ್ಲ, ಸೋಪಿನ ಡಬ್ಬಿ ಬಿಟ್ಟಿಲ್ಲ, ಎಲ್ಲದಕ್ಕೂ ಪೆನ್ಸಿಲ್ ಹಚ್ಚುತ್ತಿದ್ದೇನೆ.

ಮಧ್ಯಾಹ್ನ ಸಾವಿತ್ರಿಯ ಅಕ್ಕನ ಮಗನ ಲಗ್ನಪತ್ರಿಕೆ ಬಂತು. ‘ಗುರುಹಿರಿಯರು ನಿಶ್ಚಯಿಸಿದಂತೆ’ ಎಂಬುದರ ಕೆಳಗೆ ಗೀಟು ಹಾಕಿದೆ. “ಇದರಾಗ ಹುಡುಗಿ ಅಭಿಪ್ರಾಯ ಎಲ್ಲೂ ಇಲ್ಲ ನೋಡು,” ಎಂದೆ.

“ನಮ್ಮ ಲಗ್ನದ ಕಾರ್ಡಿನ್ಯಾಗೂ ನನ್ನ ಅಭಿಪ್ರಾಯ ಇರಲಿಲ್ರಿ.”

ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಜೋರಾಯಿತು. ಪೆನ್ಸಿಲ್ ಜೇಬಿಗೆ ಹಾಕಿಕೊಂಡೆ.

ಜುಲೈ 29. ಮಂಗಳವಾರ.

ತಗಡು ಒತ್ತುವ ಪ್ರೆಸ್ ಶಾಪ್. ನಾಲ್ಕನೇ ನಂಬರ್ ಪ್ರೆಸ್. ತಾಯಪ್ಪನ ಬಲಗೈ... ಎರಡು ಬೆರಳು ಹೋದವು. ಯಾದಗಿರಿ ಕಡೆಯ ಕಾಂಟ್ರಾಕ್ಟ್ ಕೂಲಿ, ಮೂವತ್ತು ಕೂಡ ಆಗಿಲ್ಲ. ಹತ್ತು ಹೆಜ್ಜೆ ದೂರದಲ್ಲಿದ್ದೆ. ಅವನು ಕೂಗಲಿಲ್ಲ. ಕೈ ನೋಡಿಕೊಂಡು ನಿಂತಿದ್ದ.

ಸಂಜೆ ಮ್ಯಾನೇಜರ್ ಅಮರೇಶಪ್ಪನವರು ಕರೆಸಿ ಕೇಳಿದರು. ಇದ್ದದ್ದು ಹೇಳಿದೆ. ಕೈ ಒಳಗೆ ಹೋಗದಂತೆ ತಡೆಯುವ ಜಾಲರಿ — ಗಾರ್ಡ್ — ಹದಿನೈದು ದಿನದಿಂದ ಇರಲಿಲ್ಲ. ಟಾರ್ಗೆಟ್ ಅವಸರದಲ್ಲಿ ಮೇಂಟೆನೆನ್ಸ್‌ನವರು ಬಿಚ್ಚಿದ್ದರು, ಮತ್ತೆ ಹಾಕಲಿಲ್ಲ. ಹದಿನಾಲ್ಕನೇ ತಾರೀಖೇ ಶಿಫ್ಟ್ ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಅವರು ತಲೆ ಆಡಿಸಿದರು. ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ತಂದರು. ಸಹಿ ಮಾಡಿ ಬಂದೆ.

ಬೂಟಿನ ಮೇಲೆ ರಕ್ತ. ಸಾವಿತ್ರಿ ನೋಡುವ ಮುಂಚೆ ತೊಳೆದೆ.

ಆಗಸ್ಟ್ 12. ಮಂಗಳವಾರ.

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ, ಅಥವಾ ಇತ್ತು.

ಅಮರೇಶಪ್ಪನವರು ನನ್ನ ಹೆಸರನ್ನು ಪರೀಕ್ಷೆಯ ಪಟ್ಟಿಗೆ ಕಳಿಸಿದ್ದಾರೆ. “ಈ ಸಲ ಆಗಬೇಕ್ರಿ ವೀರಭದ್ರಪ್ಪ. ನಮ್ಮ ಕಡಿ ಮಂದಿ ಒಬ್ರೂ ಮ್ಯಾಲೆ ಬಂದಿಲ್ಲ,” ಎಂದರು. ಮಸ್ಕಿಯವರು. ಊರಿನ ಕಡೆಯ ಅಭಿಮಾನ.

ಮೇಡಂ ಹೋಂವರ್ಕ್ ಕೊಟ್ಟಿದ್ದಾರೆ: ಮನೆಯಲ್ಲಿರುವ ಯಾವುದಾದರೂ ಇಂಗ್ಲಿಷ್ ಕಾಗದ ತರಬೇಕು, ಅದರ ಮೇಲೆ ಕ್ಲಾಸಿಗೆಲ್ಲ ಪ್ರಶ್ನೆ. ನನ್ನ ಹತ್ತಿರ ಇರುವುದು ಆ ಸ್ಟೇಟ್‌ಮೆಂಟಿನ ಜೆರಾಕ್ಸ್ ಒಂದೇ. ಮಡಿಸಿದ್ದು ಹಾಗೇ ಇದೆ. ಬಿಚ್ಚಿ ನೋಡುವ ಮನಸ್ಸಿಲ್ಲ. ಅದನ್ನೇ ಒಯ್ಯುತ್ತೇನೆ. ನನ್ನದೇ ಮಾತು, ನಾಳೆಯಾದರೂ ಎಂಟಕ್ಕೆ ಎಂಟು.

ಆಗಸ್ಟ್ 13. ಬುಧವಾರ.

ಮೇಡಂ ನನ್ನ ಕಾಗದ ಆರಿಸಿದರು. ಕೆಳಗಿನ ಹೆಸರನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎರಡು ಸಲ ಗಟ್ಟಿಯಾಗಿ ಓದಿದರು. ಮೊದಲ ಸಲ ಕಿವಿ ಕೆಟ್ಟಿದೆ ಅಂದುಕೊಂಡೆ. ಬೋರ್ಡಿನ ಮೇಲೆ ಮೊದಲ ಪ್ರಶ್ನೆ: ಗಾರ್ಡ್ ತೆಗೆದವರು ಯಾರು? ಇಪ್ಪತ್ತೆರಡು ಕೈ ಮೇಲೆದ್ದವು. ಕೆಲಸಗಾರ, ಎಂದರು ಎಲ್ಲರೂ. “ಕರೆಕ್ಟ್,” ಎಂದರು ಮೇಡಂ.

ಎದ್ದು ನಿಂತೆ. “ತಪ್ಪು.”

“ಕಾಕಾ, ಮತ್ತ ಸುರು ಮಾಡಬ್ಯಾಡ್ರಿ. ಪ್ಯಾಸೇಜ್‌ನಾಗ ಹಂಗೇ ಅದ.”

“ಪ್ಯಾಸೇಜ್ ಸುಳ್ಳೈತಿ.”

“ಬರದವ್ರು ಯಾರೋ ಏನೋ, ನಮಗ ಹ್ಯಾಂಗ ಗೊತ್ತಾಗಬೇಕ್ರಿ?”

“ಕೈ ತಗೀರಿ ಮೇಡಂ. ಕೆಳಗ ಸಹಿ ನಂದೇ ಐತಿ.”

ಕೈ ತೆಗೆದರು. ಮುಂದಿನ ಬೆಂಚಿನ ಹುಡುಗಿ ಒಬ್ಬಳು ಪೆನ್ನು ಕೆಳಗಿಟ್ಟಳು.

ಕಿಟಕಿಯ ಹತ್ತಿರ ನಿಂತು ನಾನೇ ಓದಿದೆ, ಒಂದೊಂದೇ ಪದ. ಕೆಲಸಗಾರ ತನ್ನ ಅನುಕೂಲಕ್ಕೆ ತಾನೇ ಗಾರ್ಡ್ ತೆಗೆದದ್ದನ್ನು ನಾನು ಕಂಡೆನಂತೆ. ಎಚ್ಚರಿಸಿದರೂ ಕೇಳಲಿಲ್ಲವಂತೆ. ಹದಿನೈದು ದಿನದ ಮಾತಿಲ್ಲ. ರಿಜಿಸ್ಟರಿಲ್ಲ. ಕೊನೆಗೆ — ಮೇಲಿನದನ್ನು ಓದಿ ಅರ್ಥಮಾಡಿಕೊಂಡಿದ್ದೇನೆ. ಅದರ ಕೆಳಗೆ ನನ್ನ ಚಂದದ ಸಹಿ.

ನಾಚಿಕೆ. ಬೇರೆ ಪದ ಇಲ್ಲ. ಒಂದು ಬೋಲ್ಟನ್ನೂ ಅಳೆಯದೆ ಪಾಸು ಮಾಡಿದವನಲ್ಲ. ಮನುಷ್ಯನ ಕೈಯ ವಿಷಯ, ಕಣ್ಣಾಡಿಸದೆ ಪಾಸು ಮಾಡಿದೆ. ಇಂಕ್ರಿಮೆಂಟ್ ಕಾಗದ, ಪಿಎಫ್ ಕಾಗದ, ಸೊಸೈಟಿ ಕಾಗದ... ಎಲ್ಲಿ ಬೆರಳು ತೋರಿಸಿದರೋ ಅಲ್ಲಿ ಬರೆದಿದ್ದೇನೆ. ಆಫೀಸಿನಲ್ಲಿ ಓದುತ್ತ ನಿಂತರೆ ನಂಬಿಕೆ ಇಲ್ಲವೇ ಎನ್ನುತ್ತಾರೆ. ಇವತ್ತು ಡ್ಯೂಟಿಗೆ ಲೇಟು.

ಆಗಸ್ಟ್ 17. ಭಾನುವಾರ.

ಕೊಂಡಾಪುರ. ಗಾಜಿನ ಬಿಲ್ಡಿಂಗ್ ಏಳುತ್ತಿದೆ, ಹಿಂದೆ ತಗಡಿನ ಶೆಡ್ಡುಗಳು. ತಾಯಪ್ಪನ ಹೆಂಡತಿ ಬಂಡೆಮ್ಮ ಅಲ್ಲಿ ಕಾಂಕ್ರೀಟ್ ಹೊರುತ್ತಾಳೆ. ಅವನು ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದ.

“ತಾನೇ ಗಾರ್ಡ್ ತಗದಾನಂತ ಬರದಾರಂತ್ರಿ,” ಎಂದಳು ಬಂಡೆಮ್ಮ. “ನಿನ್ನ ತಪ್ಪಿಗಿ ನಾವೇನು ಮಾಡಮು, ಊರಿಗಿ ಹೋಗು ಅಂದಾನ ಕಾಂಟ್ರ್ಯಾಕ್ಟರ. ನೋಡಿದ ಮಂದಿ ಸಹಿ ಮಾಡ್ಯಾರಂತ.”

ತಾಯಪ್ಪ ನೆಲ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು.

“ಆ ಸಹಿ ಮಾಡಿದಾಂವ ನಾನೇ ಅವ್ವ.”

ಅವಳು ಕೈಗಂಟಿದ ಸಿಮೆಂಟನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, “ಓದಿ ಮಾಡೀರೋ, ಓದಲಾರದ ಮಾಡೀರೋ?”

“ಓದಲಾರದ.”

“ನಾವೂ ಓದಲಾರದೇ ಹೆಬ್ಬಟ್ಟು ಒತ್ತತೀವ್ರಿ. ನೀವು ಸಾಲಿ ಕಲ್ತವ್ರು ಹೌದಲ್ಲೋ?”

ಚಹಾ ಕೊಟ್ಟಳು. ಕುಡಿದೆ. ಬಸ್ಸಿನಲ್ಲಿ ಬರುವಾಗ ಪೂರ್ತಿ ಅದೇ ಮಾತು ಕಿವಿಯಲ್ಲಿ.

ಆಗಸ್ಟ್ 22. ಶುಕ್ರವಾರ.

ಅಮರೇಶಪ್ಪನವರ ಕ್ಯಾಬಿನ್ನು. ನಾನು ಹೇಳಿದ್ದು ಬೇರೆ, ಟೈಪಾಗಿದ್ದು ಬೇರೆ, ತಿದ್ದಿಸಿ ಎಂದೆ.

“ಸಹಿ ಆಗೇತಿ. ಈಗ ಅದು ರೆಕಾರ್ಡು.”

“ಶಿಫ್ಟ್ ರಿಜಿಸ್ಟರ್ ತರಸ್ರಿ ಸರ್. ಹದಿನಾಕನೇ ತಾರೀಖು ನಾನೇ ಬರದೀನಿ.”

“ಯಾವ ರಿಜಿಸ್ಟರ್?” ಕನ್ನಡಕ ತೆಗೆದು ಒರೆಸಿಕೊಂಡರು. “ತಾಯಪ್ಪ ಇವತ್ತಿದ್ದು ನಾಳಿ ಹೋಗಾಂವ. ನೀವು ಇಲ್ಲೇ ಇರಾವ್ರು. ನಿಮ್ಮ ಹೆಸರು ಪಟ್ಟಿಗೆ ಕಳಿಸಿದ್ದು ಯಾರು ಅಂತ ಸ್ವಲ್ಪ ನೆನಪು ಇಟಗೋರಿ.”

ಹೇಳಿದ್ದು ಮೂರು ವಾಕ್ಯ. ಹೇಳದೆ ಬಿಟ್ಟದ್ದು ಪೂರ್ತಿ ಅರ್ಥವಾಯಿತು. ಮೇಡಂ ಕಲಿಸಿದ್ದು ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂತು. ಊರಿನ ಅಭಿಮಾನವಂತೆ, ಸುಡಲಿ.

ಆಗಸ್ಟ್ 31. ಭಾನುವಾರ.

ಬರೆದೆ. ಇಂಗ್ಲಿಷಿನಲ್ಲಿ, ನನ್ನ ಕೈಯಿಂದ. ಏಳು ವಾಕ್ಯಕ್ಕೆ ಎಂಟು ದಿನ.

ಮಗಳು ವರ್ಷಾ ಕಾಲ್ ಸೆಂಟರಿನವಳು, ಇಂಗ್ಲಿಷ್ ನೀರು ಕುಡಿದಂತೆ. “ಕೊಡ್ರಿ ಅಪ್ಪಾಜಿ, ಚಂದ ಮಾಡಿ ಟೈಪ್ ಮಾಡ್ತೀನಿ,” ಎಂದಳು. ಬೇಡ ಎಂದೆ. ಒಬ್ಬರು ಚಂದ ಮಾಡಿದ್ದು ಸಾಕಾಗಿದೆ.

ಮೇಡಂಗೆ ಮಾತ್ರ ತೋರಿಸಿದೆ. ಸ್ಪೆಲ್ಲಿಂಗ್ ತಪ್ಪು ಎರಡು ಇದ್ದವು, ಸುತ್ತು ಹಾಕಿ ಕೊಟ್ಟರು, ತಿದ್ದಲಿಲ್ಲ. “ಕಾಕಾ, ಇದರಾಗ ನೀವು ನೋಡಿದ್ದೆಷ್ಟು, ಊಹೆ ಎಷ್ಟು?”

ಶಿಫ್ಟ್ ಇನ್‌ಚಾರ್ಜ್ ಹೇಳಿದ್ದಕ್ಕೇ ಗಾರ್ಡ್ ಬಿಚ್ಚಿದರು ಎಂದು ಬರೆದಿದ್ದೆ. ಬಿಚ್ಚಿದ್ದನ್ನು ನೋಡಿದ್ದೇನೆ. ಅವನು ಹೇಳಿದ್ದನ್ನು ಕೇಳಿಲ್ಲ. ಹೇಳದೆ ಇರಲು ಸಾಧ್ಯವಿಲ್ಲ, ಅದು ಲೋಕಕ್ಕೇ ಗೊತ್ತು... ಆದರೂ ಕೇಳಿಲ್ಲ. ಆ ವಾಕ್ಯ ಹೊಡೆದು ಹಾಕಿದೆ. ಈಗ ಆರು ವಾಕ್ಯ. ಆರಕ್ಕೆ ಆರೂ ಗಟ್ಟಿ.

ಸೆಪ್ಟೆಂಬರ್ 2. ಮಂಗಳವಾರ.

ಕೊಟ್ಟೆ. ಅಮರೇಶಪ್ಪನವರಿಗಲ್ಲ, ಮೇಲಿನ ಆಫೀಸಿಗೆ. ಕಾಪಿಯ ಮೇಲೆ ಸೀಲು ಹಾಕಿಸಿಕೊಂಡೆ. ಸೀಲಿನ ತಾರೀಖು ಸರಿ ಇದೆಯೇ ಎಂದೂ ಓದಿದೆ. ಗುಮಾಸ್ತ ಗುರಾಯಿಸಿದ. ಗುರಾಯಿಸಲಿ.

ಸೆಪ್ಟೆಂಬರ್ 6. ಶನಿವಾರ.

ಎರಡು ಕಾಗದ ಒಂದೇ ದಿನ ಬಂದವು. ಹಾಲ್ ಟಿಕೆಟ್: 13ನೇ ತಾರೀಖು, ಬೆಳಿಗ್ಗೆ ಹತ್ತು. ವಿಚಾರಣೆ ನೋಟೀಸು: 13ನೇ ತಾರೀಖು, ಬೆಳಿಗ್ಗೆ ಹತ್ತು.

“ಎರಡೂ ಕಡೆ ಇರಾಕ ಬರೂದಿಲ್ಲ ನೋಡ್ರಿ,” ಎಂದರು ಅಮರೇಶಪ್ಪನವರು, ಬಹಳ ಮರುಕದಿಂದ. “ವಿಚಾರಣಿಗಿ ಬರದಿದ್ರ ಏನೂ ಆಗಾಂಗಿಲ್ಲ. ಹಳೇ ಸ್ಟೇಟ್‌ಮೆಂಟ್ ಹಂಗೇ ಇರ್ತೈತಿ, ಅಷ್ಟೇ.”

ತಾರೀಖು ಯಾರು ಗೊತ್ತು ಮಾಡಿದರು ಎಂದು ಕೇಳಲಿಲ್ಲ. ಅದು ಊಹೆ. ಆದರೆ ಊಹಿಸುತ್ತೇನೆ, ಇಲ್ಲಿ ನನ್ನನ್ನು ತಡೆಯುವವರಿಲ್ಲ.

ಸಾವಿತ್ರಿಗೆ ಹೇಳಿದೆ. “ಫೋರ್‌ಮನ್ ಹೇಂತಿ ಅನ್ನಿಸಿಕೋಬೇಕಂತ ನಾ ಯಾವತ್ತರೆ ಅಂದೀನೇನ್ರಿ? ತಾಯಪ್ಪನ ಕಡಿ ಹೋಗ್ರಿ,” ಎಂದಳು. ಆಮೇಲೆ ಬಚ್ಚಲುಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಲ್ಲಿ ಬಿಟ್ಟೇ ಇತ್ತು.

ಸೆಪ್ಟೆಂಬರ್ 10. ಬುಧವಾರ.

ಕೊನೆಯ ಮಾಕ್ ಟೆಸ್ಟ್. ಎಂಟಕ್ಕೆ ಎಂಟು.

ಮೇಡಂ ಚಪ್ಪಾಳೆ ಹೊಡೆಸಿದರು. ಹುಡುಗರು ಶಿಳ್ಳೆ ಹಾಕಿದರು. ಪರೀಕ್ಷೆಗೆ ಹೋಗುವುದಿಲ್ಲ ಎಂದು ಅವರಿಗೆ ಹೇಳಿರಲಿಲ್ಲ, ಮೆಟ್ಟಿಲ ಹತ್ತಿರ ಮೇಡಂ ಒಬ್ಬರಿಗೇ ಹೇಳಿದೆ.

ಬೇಜಾರಾಗಿದೆ. ಸುಳ್ಳು ಯಾಕೆ ಹೇಳಲಿ, ಬಹಳ ಬೇಜಾರಾಗಿದೆ. ಬರೆದಿದ್ದರೆ ಪಾಸಾಗುತ್ತಿದ್ದೆ. ಎಲ್ಲಾದರೂ ಒಂದು ಕಡೆ ದಾಖಲಾಗಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 13. ಶನಿವಾರ. 9.50

ವಿಚಾರಣೆ ಕೋಣೆಯ ಹೊರಗಿನ ಬೆಂಚು. ಪಕ್ಕದಲ್ಲಿ ತಾಯಪ್ಪ, ಇಸ್ತ್ರಿ ಮಾಡಿದ ಅಂಗಿ, ಬಲಗೈ ಜೇಬಿನಲ್ಲಿ. ಬಂಡೆಮ್ಮ ಕೆಲಸ ಬಿಟ್ಟು ಬಂದಿದ್ದಾಳೆ. ನಾನು ಬಂದದ್ದನ್ನು ನೋಡಿ ಸ್ವಲ್ಪ ಜರುಗಿ ಜಾಗ ಮಾಡಿಕೊಟ್ಟಳು.

10.00

ಅಲ್ಲಿ ಪರೀಕ್ಷೆಯ ಪೇಪರ್ ಹಂಚುತ್ತಿರುತ್ತಾರೆ. ಹಂಚಲಿ.

12.25

ಹೇಳಿದೆ. ಹಿಂದಿಯಲ್ಲಿ ಹೇಳಿದೆ, ನಡುವೆ ಸಿಟ್ಟು ಬಂದಾಗ ಕನ್ನಡ. ಹೊರಗಿನಿಂದ ಬಂದ ಅಧಿಕಾರಿ ರಿಜಿಸ್ಟರ್ ಎಲ್ಲಿ ಎಂದು ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ಬಂತು. ಹದಿನಾಲ್ಕನೇ ತಾರೀಖಿನ ಪುಟ, ನನ್ನ ಅಕ್ಷರ. ಅಮರೇಶಪ್ಪನವರು ಫ್ಯಾನ್ ನೋಡುತ್ತಿದ್ದರು.

12.50

ಟೈಪಾಗಿ ಬಂತು. ಎರಡು ಹಾಳೆ, ನಾಲ್ಕು ಪ್ಯಾರಾ. ಅಮರೇಶಪ್ಪನವರು ತಾವೇ ತಂದು, ಬೆರಳಿಟ್ಟು ತೋರಿಸಿದರು. “ಇಲ್ಲಿ ಸಹಿ ಹಾಕ್ರಿ, ಸಾಹೇಬ್ರಿಗಿ ಊಟದ ಹೊತ್ತಾಗೇತಿ.”

“ಓದಿ ಹಾಕ್ತೀನ್ರಿ.”

“ನೀವು ಹೇಳಿದ್ದೇ ಐತ್ರಿ ಅದರಾಗ.”

“ಇರಬೇಕು. ಓದ್ತೀನಿ.”

ಬದಿಯ ಟೇಬಲ್ಲಿಗೆ ಬಂದು ಕೂತಿದ್ದೇನೆ. ಒಳಗೆ ಕುರ್ಚಿ ಸರಿಸುವ ಸದ್ದು. ಯಾರೋ ತೆಲುಗಿನಲ್ಲಿ ಏನೋ ಅಂದು ನಕ್ಕರು. ಒಂದನೇ ಪ್ಯಾರಾ: ಹೆಸರು, ತಾರೀಖು, ಪ್ರೆಸ್ ನಂಬರ್. ಸರಿ. ಎರಡನೆಯದು: ಹದಿನೈದು ದಿನ ಇದೆ, ಮೇಂಟೆನೆನ್ಸ್ ಇದೆ, ರಿಜಿಸ್ಟರ್ ಇದೆ. ಸರಿ. ಮೂರನೆಯದರಲ್ಲಿ, ಗಾರ್ಡ್ ತೆಗೆದವರು ಯಾರೆಂದು ಸಾಕ್ಷಿಗೆ ಖಚಿತವಾಗಿ ನೆನಪಿಲ್ಲ ಎಂದಿದೆ. ಹಾಗೆ ನಾನು ಹೇಳಿಲ್ಲ. ಗೀಟು ಹೊಡೆದು ಪಕ್ಕದಲ್ಲಿ ಸಹಿ ಹಾಕಿದೆ.

“ಇನ್ನೂ ಎಷ್ಟೊತ್ರಿ?” ಅಮರೇಶಪ್ಪನವರು ಬಾಗಿಲಲ್ಲಿ.

“ನಾಕನೇದು ಓದಾಕತ್ತೀನ್ರಿ. ಕೂಡ್ರಿ.”

ಇದು ಎಲ್ಲಕ್ಕಿಂತ ಉದ್ದ ಇದೆ. ಮೊದಲ ವಾಕ್ಯ ಸರಿ. ಎರಡನೇ ವಾಕ್ಯ —